ಲಾಜಾರ್ ಕೊಡದೇ ಉಳಿಸಿಕೊಂಡ ಉಸಿರು

ಎಲ್ಲರ ಕಣ್ಣೆದುರು ಕೊಯ್ದುಬಿಟ್ಟನಲ್ಲ ಎಂಬ ಸಿಟ್ಟು ಲಾಜಾರ್ ಕಸ್ತೆಲಾನನಿಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಕೊಯ್ದವನು ಮುದುಕ ಓನೊರೆ. ಕೊಯ್ದದ್ದು, ಲಾಜಾರ್ ಚಳಿಗಾಲವೆಲ್ಲ ಕೂತು ಜೀವ ಬರಿಸಿದ್ದ, ಮುಳುಗುಗಾರರು ನೀರಿನಡಿ ಉಸಿರಾಡಲು ಬಳಸುವ ಹಳೆಯ ರೆಗ್ಯುಲೇಟರಿನ ಕೊಳವೆಗಳನ್ನು.

ಲಾಜಾರ್ ಕಾರೋ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ತೀರಿಕೊಂಡ ಮುಳುಗುಗಾರನೊಬ್ಬನ ಶೆಡ್ಡಿನಲ್ಲಿ ಹರಕು ಬಲೆಗಳ ಕೆಳಗೆ ಅದು ಸಿಕ್ಕಿತ್ತು. ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರಿನ ತಲೆಗೆ ಕೂರುವ ದುಂಡನೆಯ ಹಿತ್ತಾಳೆ ಡಬ್ಬಿ. ಅದರಿಂದ ಎರಡು ಕಿವಿಗಳ ಪಕ್ಕ ಹಾದು ಬಾಯಿಗೆ ಬರುವ ಎರಡು ಸುಕ್ಕುಸುಕ್ಕು ರಬ್ಬರ್ ಕೊಳವೆ. ಬಲಗಡೆಯದರಲ್ಲಿ ಗಾಳಿ ಬರುತ್ತದೆ, ಎಡಗಡೆಯದರಲ್ಲಿ ಹೋಗುತ್ತದೆ. ಲಾಜಾರ್ ಡಬ್ಬಿಯನ್ನು ವಿನಿಗರ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಕಿಲುಬು ತೆಗೆದ. ಒಳಗಿನ ತೆಳು ಪೊರೆ ತೆಗೆದು ಹೊಸದು ಹಾಕಿದ. ಕೊಳವೆ ಮಾತ್ರ ಅಂದಿನದೇ ಇರಬೇಕೆಂದು ಹಟ ಹಿಡಿದು, ಗ್ಲಿಸರಿನ್ ಸವರಿ ಮಿಂಚಿಸಿದ.

"ಅಡುಗೆಮನೆ ನಲ್ಲಿ ಸೋರ್ತಾನೇ ಇದೆ," ಅಂದಳು ಹೆಂಡತಿ ರೋಸ್ಲಿನ್. "ಅದಕ್ಕೂ ಎರಡು ಕೊಳವೆ ಸಿಕ್ಕಿಸ್ಲಾ? ಆಗಾದ್ರೂ ಈ ಕಡೆ ತಿರುಗಿ ನೋಡ್ತೀರೇನೋ."

ಹಳೆಯ ಮುಳುಗುಗಾರರಲ್ಲಿ ಒಂದು ಪದ್ಧತಿಯಿತ್ತು. ಜೀವ ಬಂದ ಡಬ್ಬಿ ಮೊದಲ ಸಲ ನೀರಿಗಿಳಿಯುವಾಗ ಹಿರಿಯನೊಬ್ಬ ಜೊತೆಗೆ ಇಳಿಯಬೇಕು. ತಳದಲ್ಲಿ ಇಬ್ಬರೂ ಅದೊಂದರಿಂದಲೇ ಸರದಿಯಂತೆ ಉಸಿರು ತೆಗೆದುಕೊಳ್ಳಬೇಕು. ಬಂದರಿನ ಹಳೆಯ ಮುಳುಗುಗಾರ ಓನೊರೆಯ ಬಾಯಿಗೆ ತನ್ನ ಡಬ್ಬಿ ಕೊಟ್ಟು ಆ ಗುಂಪಿಗೆ ಸೇರುವುದೇ ಲಾಜಾರನ ಆಸೆ. ಮುದುಕ ಒಪ್ಪಿಯೂ ಇದ್ದ.

ಹೊರಡುವ ದಿನ ದಕ್ಕೆಯ ಮೇಲೆ ಓನೊರೆ ಕೊಳವೆಯನ್ನು ಎಳೆದು ನೋಡಿದ. ಸುಕ್ಕಿನ ಸಂದಿಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು.

"ಇದು ಸತ್ತಿದೆ ಕಣೋ."

"ನೀರಲ್ಲಿ ಅದ್ದಿ ಊದಿ ನೋಡಿದೀನಿ ತಾತ. ಒಂದು ಗುಳ್ಳೆ ಬರ್ಲಿಲ್ಲ."

"ಇಲ್ಲಿ ಬರಲ್ಲ. ಕೆಳಗೆ ಹೋಗು, ಬಾಯಿ ತುಂಬಾ ಸಮುದ್ರ ಬರುತ್ತೆ."

"ನಿಮಗೆ ಹೊಟ್ಟೆಕಿಚ್ಚು. ನಿಮ್ಮ ಡಬ್ಬಿ ಗೋಡೆ ಮೇಲೆ ಕಿಲುಬು ಹಿಡಿದು ನೇತಾಡ್ತಿದೆಯಲ್ಲ, ಅದಕ್ಕೆ."

ಓನೊರೆ ಸೊಂಟದ ಚಾಕು ತೆಗೆದು ಎರಡೂ ಕೊಳವೆಗಳನ್ನು ಕೊಯ್ದು ಕೆಳಗೆ ಹಾಕಿದ. ಮೀನು ಮಾರುವ ಹೆಂಗಸೊಬ್ಬಳು, "ಬಿಸಾಕ್ಬೇಡ ಲಾಜಾರ್, ಸಾಸೇಜ್ ಮಾಡಿ ಹುರ್ಕೋ," ಅಂದಳು. ದಕ್ಕೆಯೆಲ್ಲ ನಕ್ಕಿತು.

ಲಾಜಾರ್ ಹೊಸ ಕೊಳವೆ ತರಿಸಿ ಹಾಕಿದ. ಆದರೆ ಮುದುಕನನ್ನು ಮತ್ತೆ ಕರೆಯಲಿಲ್ಲ. ಗಾಳಿ ನಿಂತ ಒಂದು ಬೆಳಿಗ್ಗೆ ಒಬ್ಬನೇ ದೋಣಿ ತೆಗೆದುಕೊಂಡು ಹೋಗಿ ಬಂಡೆಗಳ ಹತ್ತಿರ ಇಳಿದ.

ಕೆಳಗೆ ಸುಖವೋ ಸುಖ. ಗುಳ್ಳೆಗಳೆಲ್ಲ ಕತ್ತಿನ ಹಿಂದೆ ಏಳುತ್ತಿದ್ದವು, ಮುಖದ ಮುಂದೆ ನೀರು ಕದಡದೆ ನಿಂತಿತ್ತು, ಮೀನುಗಳು ಹತ್ತಿರಕ್ಕೇ ಬಂದವು. ಪದ್ಧತಿಯನ್ನು ಒಬ್ಬನೇ ಮುಗಿಸಿಬಿಡೋಣ ಎಂದು ಇನ್ನೊಬ್ಬರಿಗೆ ಕೊಟ್ಟು ವಾಪಸ್ ಪಡೆದವನಂತೆ ಕೊಳವೆಗಳ ತುದಿಯನ್ನು ಬಾಯಿಂದ ತೆಗೆದು ಮತ್ತೆ ಇಟ್ಟುಕೊಂಡ. ಕೊಳವೆಗಳಲ್ಲಿ ನೀರು ತುಂಬಿತ್ತು. ಈಗಿನ ರೆಗ್ಯುಲೇಟರುಗಳಿಗೆ ಬಾಯ ಹತ್ತಿರ ಗುಂಡಿಯಿದೆ, ಒತ್ತಿದರೆ ಗಾಳಿ ನುಗ್ಗಿ ನೀರು ಹೋಗುತ್ತದೆ. ಅಭ್ಯಾಸಬಲದಿಂದ ಬೆರಳು ಅದನ್ನೇ ಹುಡುಕಿತು. ಇದಕ್ಕೆಲ್ಲಿಯ ಗುಂಡಿ? ಉಸಿರೆಳೆದ, ನೀರು ಬಂತು. ಒದ್ದಾಡಿಕೊಂಡು ಮೇಲೆದ್ದವನ ಸಿಲಿಂಡರ್ ಪಟ್ಟಿಯನ್ನು ಯಾರೋ ಹಿಡಿದು ತಮ್ಮ ದೋಣಿಗೆ ಎಳೆದುಕೊಂಡರು.

ಓನೊರೆ. ಗಾಳ ಹಾಕಿಕೊಂಡು ಅಲ್ಲೇ ಕೂತಿದ್ದನಂತೆ. ಗಾಳದಲ್ಲಿ ಎರೆಯೇ ಇರಲಿಲ್ಲ.

"ಎಡಕ್ಕೆ ವಾಲಿ ಊದಬೇಕು. ನೀರು ಎಡಗಡೆ ಕೊಳವೆಯಿಂದ ಹೋಗುತ್ತೆ."

"ಗೊತ್ತು," ಅಂದ ಲಾಜಾರ್ ಕೆಮ್ಮುತ್ತಾ. ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಬಾರಿನಲ್ಲಿ ಪಾಸ್ತಿಸ್ ಮದ್ಯದ ಲೋಟ ಹಿಡಿದು, ಯಾರ ಹಂಗೂ ಇಲ್ಲದೆ ಇಳಿದು ಬಂದೆ ಎಂದು ಕೊಚ್ಚಿಕೊಂಡ. ಓನೊರೆ ಪಕ್ಕದ ಮೇಜಿನಲ್ಲೇ ಇದ್ದ. ಮೀನಿನ ಸಾರಿಗೆ ಬ್ರೆಡ್ ಅದ್ದುತ್ತಾ, "ಹೂಂ, ಚೆನ್ನಾಗಿ ಇಳಿದ," ಅಂದ. ಎದ್ದು ಹೋಗುವಾಗ ಮೆಲ್ಲಗೆ ಕೇಳಿದ: "ಒಂದಿನ ಇಬ್ಬರೂ ಹೋಗೋಣ್ವೇನೋ?"

"ನೋಡೋಣ ತಾತ. ಎಂಜಿನ್ ಕೆಲ್ಸ ಬಿದ್ದಿದೆ."

ಆ ಬೇಸಿಗೆ ಕಳೆಯಿತು. ಶರತ್ಕಾಲದಲ್ಲಿ ಮುದುಕನ ಎದೆ ಕೈಕೊಟ್ಟಿತು, ಡಾಕ್ಟರು ಸಮುದ್ರ ಬಿಡಿಸಿದರು, ಮಗಳು ದೂರದ ಲೀಲ್ ನಗರಕ್ಕೆ ಕರೆದುಕೊಂಡು ಹೋದಳು. ಫೋನ್ ಮಾಡಬೇಕೆಂದು ಲಾಜಾರ್ ಎಷ್ಟೋ ಸಲ ಅಂದುಕೊಂಡ. ಏನು ಹೇಳುವುದೆಂದು ಹೊಳೆಯದೆ ಸಿಟ್ಟು ಬಂದು ಮಾಡದೇ ಬಿಟ್ಟ. ಮುಂದಿನ ವಸಂತಕ್ಕೆ ಓನೊರೆ ಇರಲಿಲ್ಲ.

ಈಗ ಹೊಸಬರು ಡಬ್ಬಿ ರಿಪೇರಿ ಮಾಡಿಕೊಂಡು ಬಂದರೆ ಹಿರಿಯನಾಗಿ ಇಳಿಯುವವನು ಲಾಜಾರನೇ. ನಿಮ್ಮ ಜೊತೆ ಮೊದಲ ಸಲ ಯಾರು ಇಳಿದಿದ್ದರು ಎಂದು ಅವರು ಕೇಳುತ್ತಾರೆ. "ಯಾರೂ ಇಲ್ಲ," ಎಂದು ರೇಗುತ್ತಾನೆ. ಒಂದು ಉಸಿರು ಓನೊರೆಗೆ ಸಲ್ಲಬೇಕಿತ್ತು. ಸಲ್ಲಲಿಲ್ಲ.