ಅತ್ತಿಗೆ ಬೇಡವೆಂದ ರಿಪೇರಿ

ಮೊನ್ನೆ ಗಿರಾಕಿಯೊಬ್ಬರು ಹಳೆಯ ಟಾರ್ಚೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದರ ರಬ್ಬರ್ ಹಿಡಿ ಕರಗಿ ಹಲಸಿನ ಮೇಣದಂತೆ ಕೈಗೆ ಅಂಟುತ್ತಿತ್ತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸತೊಡಗಿದೆ. ಹಳೆಯ ರಬ್ಬರಿಗೆ ಸ್ಪಿರಿಟ್ ತಾಗಿದಾಗ ಒಂದು ವಾಸನೆ ಏಳುತ್ತದೆ. ಅದು ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಒಮ್ಮೆ ಮೂಗಿಗೆ ಹೊಡೆದರೆ ಮರೆಯುವುದಿಲ್ಲ, ಅಷ್ಟೆ. ನನಗೆ ತಟ್ಟನೆ ಮುನಿರಾಜಣ್ಣನ ಹಳೆಯ ಜಿಪಿಎಸ್ ನೆನಪಾಯಿತು.

ಬಂಗಾರಪೇಟೆ ರೈಲು ನಿಲ್ದಾಣದಿಂದ ಕೂಗಳತೆ ದೂರದಲ್ಲಿ ನನ್ನ ಅಂಗಡಿ. ಬೋರ್ಡಿನ ಮೇಲೆ ಇಂದಿಗೂ ‘ರೇಡಿಯೋ ರಿಪೇರಿ’ ಎಂದೇ ಇದೆ. ನಾನು ರೇಡಿಯೋ ಕಲಿತು ಮುಗಿಸುವಷ್ಟರಲ್ಲಿ ಊರು ಟೀವಿ ಕೊಂಡಿತ್ತು. ಟೀವಿಯ ಹೊಟ್ಟೆ ಅರ್ಥವಾಗುವಷ್ಟರಲ್ಲಿ ಅದು ತೆಳ್ಳಗಾಗಿ ಗೋಡೆ ಹತ್ತಿತ್ತು. ಈಗ ಮೊಬೈಲು ಬಿಚ್ಚುತ್ತೇನೆ, ಆದರೆ ಕನ್ನಡಕ ಎರಡು ಬೇಕು. ಹೀಗೆ ಯಾವಾಗಲೂ ಊರಿನ ಹಿಂದೆ ಏದುಸಿರು ಬಿಡುತ್ತಾ ಓಡುವವನಾದ್ದರಿಂದ ಹಳೆಯ ವಸ್ತುಗಳ ಮೇಲೆ ನನಗೆ ಸಹಜವಾಗಿಯೇ ಅನುಕಂಪ. ಬೇರೆಯವರು ಮುಟ್ಟದ ಸಾಮಾನುಗಳು ನನ್ನಲ್ಲಿಗೆ ಬರುತ್ತವೆ.

ಮುನಿರಾಜಣ್ಣ ನನ್ನ ದೊಡ್ಡಪ್ಪನ ಮಗ. ಕ್ಯಾಸಂಬಳ್ಳಿ ಕಡೆ ಅವನಿಗೆ ಸ್ವಲ್ಪ ಹೊಲ, ಎರಡು ಸೀಮೆಹಸು. ವಯಸ್ಸಿನಲ್ಲಿ ಬೆಂಗಳೂರಿನ ಆಚೆ ಒಂದು ಹಾರಾಟದ ಮೈದಾನದಲ್ಲಿ ಕೂಲಿಗೆ ಸೇರಿದ್ದ. ಪ್ಯಾರಾಮೋಟರ್ ಎನ್ನುವುದನ್ನು ನೀವು ನೋಡಿರಬಹುದು. ಬೆನ್ನಿಗೆ ದೊಡ್ಡ ಫ್ಯಾನಿನ ಮೋಟರು ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಬಿಡಿಸಿಕೊಂಡು, ನಾಲ್ಕು ಹೆಜ್ಜೆ ಓಡಿ ಮೇಲೇಳುವುದು. ಅಲ್ಲಿ ರೆಕ್ಕೆ ಹಾಸುವುದು, ಪೆಟ್ರೋಲು ತುಂಬುವುದು ಅಣ್ಣನ ಕೆಲಸ. ಹಾಸುತ್ತಾ ಮಡಚುತ್ತಾ ಇದ್ದವನು ಒಂದು ದಿನ ತಾನೇ ಹಾರಲು ಕಲಿತ. ಆ ಮೈದಾನ ಮುಚ್ಚುವಾಗ ಯಜಮಾನರು ಹಳೆಯ ಮೋಟರು, ರೆಕ್ಕೆ, ಜೊತೆಗೆ ವಿಮಾನದವರು ಕೈಯಲ್ಲಿ ಹಿಡಿದುಕೊಳ್ಳುವ ಒಂದು ಜಿಪಿಎಸ್ಸನ್ನು ಇವನಿಗೇ ಬಿಟ್ಟುಕೊಟ್ಟರು. ಅವನು ಎಲ್ಲವನ್ನೂ ಟೊಮೆಟೊ ಸಾಗಿಸುವ ಟೆಂಪೋದಲ್ಲಿ ಹಾಕಿಕೊಂಡು ಊರಿಗೆ ಬಂದ.

ಆ ಜಿಪಿಎಸ್ ನೋಡಲು ಅರ್ಧ ಇಟ್ಟಿಗೆಯಂತಿತ್ತು. ಮೇಲೆ ಮೊಂಡು ಆಂಟೆನಾ, ಬೂದು ಬಣ್ಣದ ಪರದೆ, ದಪ್ಪ ಗುಂಡಿಗಳು. ಮೊದಮೊದಲು ಅದನ್ನು ಪರೀಕ್ಷಿಸಲೆಂದು ಅಣ್ಣ ಕೈಯಲ್ಲಿ ಹಿಡಿದು ಊರೂರು ನಡೆಯುತ್ತಿದ್ದ. ಚಿನ್ನದ ಗಣಿಯಿದ್ದ ಮೈಸೂರು ಮೈನ್ಸ್ ಹತ್ತಿರ ಹೀಗೆ ಓಡಾಡುವಾಗ ಒಬ್ಬಾತ ಬಹಳ ಹೊತ್ತು ಹಿಂದೆಯೇ ಬಂದು, ಕೊನೆಗೆ ತಡೆಯಲಾರದೆ, “ಅಣ್ಣೇ, ತಂಗಂ ಇರುಕ್ಕಾ?” ಎಂದು ತಮಿಳಿನಲ್ಲಿ ಕೇಳಿದನಂತೆ. ಚಿನ್ನ ತೋರಿಸುವ ಯಂತ್ರ ಅಂದುಕೊಂಡಿದ್ದ. ಗಣಿ ಮುಚ್ಚಿದ ಊರಿನಲ್ಲಿ ಯಾರಾದರೂ ನೆಲ ನೋಡುತ್ತಾ ನಡೆದರೆ ಜನಕ್ಕೆ ಬೇರೇನೂ ತೋಚುವುದಿಲ್ಲ. ಇದು ಆಕಾಶಕ್ಕೆ ಸಂಬಂಧಪಟ್ಟದ್ದು ಎಂದು ಅಣ್ಣ ಎಷ್ಟು ಹೇಳಿದರೂ ಆತ ನಂಬಲಿಲ್ಲ. ಸಿಕ್ಕಿದ್ದರಲ್ಲಿ ಪಾಲು ಕೊಡುವುದಾದರೆ ಗುದ್ದಲಿ ತರುತ್ತೇನೆ ಎಂದ.

ಹಾರಾಟದ ದಿನ ಅಣ್ಣ ಮೊದಲೇ ಠಾಣೆಗೆ ತಿಳಿಸಿ ಒಪ್ಪಿಗೆ ಪಡೆದು, ಒಣಗಿದ ಕೆರೆಯಂಗಳದಿಂದ ಬೆಳಗಿನ ಹೊತ್ತು ಏಳುತ್ತಿದ್ದ. ಕೆರೆಯ ಸುತ್ತ ಒಂದೆರಡು ಸುತ್ತು ಹಾಕಿ ಇಳಿಯುತ್ತಿದ್ದ. ಇದರಿಂದ ಅವನಿಗೆ ಬಂದ ಲಾಭ ಏನೂ ಇಲ್ಲ. ಆದರೆ ಹಾರಿ ಬಂದ ದಿನ ಅವನ ಮುಖ ನೋಡಬೇಕಿತ್ತು, ಕ್ಷೌರ ಮಾಡಿಸಿಕೊಂಡು ಎಣ್ಣೆ ಸ್ನಾನ ಮಾಡಿದವರ ಹಾಗೆ ಇರುತ್ತಿತ್ತು.

ಅತ್ತಿಗೆಗೆ ಮಾತ್ರ ಅದು ಕಣ್ಣಿಗೆ ಕಾಣಬಾರದ ಸಂಗತಿ. ಮೋಟರಿನ ಸದ್ದು ಕೇಳಿದ ಕೂಡಲೇ ಪದ್ಮತ್ತಿಗೆ ದನದ ಕೊಟ್ಟಿಗೆಗೆ ಹೋಗಿ ಸಗಣಿ ಬಾಚಲು ತೊಡಗುತ್ತಿದ್ದರು. ಬಾಚುವುದು ಮುಗಿದಿದ್ದರೆ ಮತ್ತೆ ಬಾಚುತ್ತಿದ್ದರು. ಗಂಡ ಮೇಲಿರುವುದನ್ನು ಅವರು ಒಂದು ದಿನವೂ ನೋಡಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಜಿಪಿಎಸ್ಸಿನ ಸೆಲ್ ಮುಗಿದಿದೆಯೆಂದು ಅಣ್ಣ ಅದನ್ನು ಮನೆಯಲ್ಲೇ ಬಿಟ್ಟು ಹಾರಿದ. ಮೇಲೆ ಗಾಳಿ ಜೋರಾಗಿತ್ತು. ಗಾಳಿಗೆ ಎದುರಾಗಿ ಹೋಗುವಾಗ ಮೋಟರು ಗುಡುಗುಟ್ಟುತ್ತದೆ, ಮುಖಕ್ಕೆ ಗಾಳಿ ರಾಚುತ್ತದೆ. ಮುಂದೆ ಹೋಗುತ್ತಿದ್ದೇವೆಂದೇ ಅನ್ನಿಸುತ್ತದೆ. ನೆಲದ ಲೆಕ್ಕದಲ್ಲಿ ನಿಂತಲ್ಲೇ ನಿಂತಿರುತ್ತೇವೆ, ಇಲ್ಲವೇ ಹಿಂದಕ್ಕೇ ಹೋಗುತ್ತಿರುತ್ತೇವೆ. ಅದನ್ನು ಖಚಿತವಾಗಿ ಹೇಳುವುದು ಆ ಇಟ್ಟಿಗೆ ಮಾತ್ರ. ಕೆಳಗೆ ಮಂಜು ಬೇರೆ ಮುಸುಕಿತ್ತು. ಮಂಜು ಹರಿಯುವಷ್ಟರಲ್ಲಿ ಅವನು ಬೂದಿಕೋಟೆ ಕಡೆಗೆ ತೇಲಿಹೋಗಿದ್ದ, ಪೆಟ್ರೋಲು ಮುಗಿದಿತ್ತು. ಯಾರದೋ ರಾಗಿ ಕೊಯ್ದ ಹೊಲದಲ್ಲಿ ಇಳಿದ. ಹೊಲದವರು ಗದರಿ, ಆಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರು ಫ್ಯಾನಿಗೂ ಟಿಕೆಟ್ ಕೇಳಿದ್ದು ಅಣ್ಣನಿಗೆ ತಮಾಷೆಯ ಕತೆ. ಅಷ್ಟು ಹೊತ್ತೂ ಕೆರೆಯಂಗಳ, ಬಂಡೆಸಾಲು ಎಲ್ಲವನ್ನೂ ಬರಿಗಾಲಿನಲ್ಲಿ ಹುಡುಕಿ ಬಂದಿದ್ದ ಅತ್ತಿಗೆಗೆ ಅದು ತಮಾಷೆಯಾಗಿರಲಿಲ್ಲ. ಅವರು ಅಳಲಿಲ್ಲ, ಜಗಳವಾಡಲಿಲ್ಲ, ಊಟ ಬಿಟ್ಟರು. ಕೊನೆಗೆ ಅಣ್ಣ ಹಸುವಿನ ಬೆನ್ನು ಮುಟ್ಟಿ ಆಣೆಯಿಟ್ಟ: “ಈ ಡಬ್ಬ ಇಲ್ದೆ ಇನ್ನು ಮ್ಯಾಕ್ಕೆ ಏಳಲ್ಲ. ಇದು ಕೆಟ್ಟೋದ ದಿನ ನಾನೂ ಆರೋದು ಬುಟ್ಟೆ ಅಂತ ತಿಳ್ಕೊ.”

ವರ್ಷಗಳು ಕಳೆದ ಮೇಲೆ ಆ ದಿನ ಬಂತು. ಅಣ್ಣ ಅಂಗಡಿಗೆ ಬಂದು ಟವೆಲ್ಲಿನಲ್ಲಿ ಸುತ್ತಿದ್ದ ಇಟ್ಟಿಗೆಯನ್ನು ಬಿಚ್ಚಿದ. ರಬ್ಬರೆಲ್ಲ ಅಂಟಂಟು. ಆರಿಸಿ ಹಚ್ಚಿದರೆ ನೆನಪಿಟ್ಟ ಜಾಗಗಳನ್ನೆಲ್ಲ ಮರೆಯುತ್ತಿತ್ತು. ಪರದೆಯ ಮೇಲೆ ಗೆರೆಗಳು.

“ಈಗ ಫೋನಲ್ಲೇ ಎಲ್ಲಾ ಬರುತ್ತಲ್ಲಣ್ಣ” ಎಂದೆ.

“ಬಿಸಿಲಲ್ಲಿ ಫೋನು ಕಾಣಲ್ಲ ಕಣ್ಲಾ. ಗ್ಲೌಸ್ ಆಕ್ಕಂಡ್ರೆ ಒತ್ತೋಕಾಗಲ್ಲ. ದಾರಿ ನೋಡೋ ಟೈಮಲ್ಲಿ ನಿಮ್ಮತ್ಗೆ ಫೋನ್ ಮಾಡಿದ್ರೆ ದಾರೀನೇ ಒಂಟೋಯ್ತದೆ. ಇದನ್ನೇ ಬದುಕ್ಸು” ಎಂದ. ಎದ್ದು ಹೊರಟವನು ಬಾಗಿಲಲ್ಲಿ ನಿಂತು, “ನನ್ನ ಆಣೆ ಇದ್ರ ಮ್ಯಾಲೈತೆ” ಎಂದು ಸೇರಿಸಿದ.

ಮರುದಿನ ಅತ್ತಿಗೆ ಬಂದರು. ಡೇರಿಗೆ ಹಾಲು ಹಾಕಿ ನೇರ ಬಸ್ಸು ಹತ್ತಿದ್ದರು, ಕೈಯಲ್ಲಿ ಖಾಲಿ ಕ್ಯಾನು ಹಾಗೇ ಇತ್ತು. ನಾನು ತರಿಸಿದ ಟೀ ಮುಟ್ಟಲಿಲ್ಲ.

“ಅದನ್ನ ಬಿಚ್ಚಿದ್ಯೇನಪ್ಪ?”

“ಇನ್ನೂ ಇಲ್ಲತ್ಗೆ.”

“ಬಿಚ್ಚಲೇಬ್ಯಾಡ. ರಿಪೇರಿ ಆಗಲ್ಲ ಅಂತ ಏಳ್ಬುಡು. ಬಿಪಿ ಮಾತ್ರೆ ನುಂಗೋ ವಯಸ್ಸಲ್ಲಿ ಆ ಮನುಷ್ಯ ಆಕಾಶಕ್ಕೆ ಓಯ್ತಾರೆ. ನಿನ್ನ ಬಾಯಿಂದ ಒಂದು ಮಾತು ಬಂದ್ರೆ ನನ್ನ ಸಂಸಾರ ನೆಲದ ಮ್ಯಾಲೆ ಉಳೀತದೆ.”

ನಾನು ಆಯಿತು ಎನ್ನಲೂ ಇಲ್ಲ, ಆಗದು ಎನ್ನಲೂ ಇಲ್ಲ. ‘ನೋಡ್ತೀನಿ’ ಎಂದೆ. ರಿಪೇರಿಯವರಿಗೆ ಈ ಒಂದು ಮಾತು ದೇವರು ಕೊಟ್ಟ ವರ. ಅತ್ತಿಗೆ ಅದನ್ನು ಒಪ್ಪಿಗೆಯೆಂದೇ ತಿಳಿದು, ಆಗ ಟೀ ಕುಡಿದು ಹೋದರು.

ಅವರ ಭಯ ನಿಜವಾದದ್ದು, ಅದು ನನಗೆ ಗೊತ್ತಿತ್ತು. ಅಣ್ಣನ ಮುಖದ ಆ ಹೊಳಪೂ ಗೊತ್ತಿತ್ತು. ಆದರೆ ರಿಪೇರಿಗೆ ಬಂದದ್ದನ್ನು ಬಿಚ್ಚದೆ ಇಡುವುದು ನನ್ನಿಂದಾಗದು, ಕೈ ತುರಿಸುತ್ತದೆ. ಬಿಚ್ಚಿದೆ. ಸ್ಪಿರಿಟ್ಟಿನಲ್ಲಿ ಅಂಟನ್ನೆಲ್ಲ ಒರೆಸಿದೆ. ಒಳಗೆ ನೆನಪು ಕಾಯುವ ಚಿಕ್ಕ ಸೆಲ್ ಸತ್ತಿತ್ತು, ಹೊಸದನ್ನು ಬೆಸೆದೆ. ಹೊರಗೆ ಬಂದು ರಸ್ತೆಯಲ್ಲಿ ನಿಂತು ಗುಂಡಿ ಒತ್ತಿದರೆ ಒಂದೊಂದೇ ಉಪಗ್ರಹವನ್ನು ಹಿಡಿದು, ನಾನು ನಿಂತ ಜಾಗವನ್ನು ತೋರಿಸಿತು. ಎದುರಿನ ಹೂವಿನಂಗಡಿಯವಳು ಕೇಳುವಂತೆ “ಬಂತು!” ಎಂದು ಕೂಗಿಬಿಟ್ಟೆ. ಆ ಗಳಿಗೆಯಲ್ಲಿ ಅತ್ತಿಗೆಯ ನೆನಪು ನನಗಿರಲಿಲ್ಲ.

ಸಂಜೆಯ ಹೊತ್ತಿಗೆ ಪರದೆ ಪೂರ್ತಿ ಮಾಯವಾಯಿತು. ಪರದೆಯ ಗಾಜಿಗೂ ಒಳಗಿನ ಬೋರ್ಡಿಗೂ ಅಂಟಿಸಿದ್ದ ತೆಳ್ಳನೆಯ ಪಟ್ಟಿ ಬಿಟ್ಟುಕೊಂಡಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಅಕ್ಷರ ಕಾಣುತ್ತಿತ್ತು, ಬೆರಳು ತೆಗೆದರೆ ಇಲ್ಲ. ಬಿಸಿ ಮಾಡಿ ಒತ್ತಿದೆ, ರಬ್ಬರಿನ ತುಂಡು ಇಟ್ಟು ಬಿಗಿದೆ. ಮೇಜಿನ ಮೇಲೆ ಸರಿಯಾಗಿರುತ್ತಿತ್ತು, ಸ್ವಲ್ಪ ಅಲುಗಿಸಿದರೆ ಹೋಗುತ್ತಿತ್ತು. ಆ ಪರದೆ ಈಗ ಎಲ್ಲಿಯೂ ಸಿಗುವುದಿಲ್ಲ. ಮೋಟರಿನ ಅದುರುವಿಕೆಯಲ್ಲಿ ಇದನ್ನು ನಂಬಿ ಒಬ್ಬ ಮನುಷ್ಯನನ್ನು ಮೇಲಕ್ಕೆ ಕಳಿಸುವುದು ನನ್ನಿಂದ ಸಾಧ್ಯವಿರಲಿಲ್ಲ.

ಅಣ್ಣ ಬಂದಾಗ ಅದನ್ನೇ ಹೇಳಿದೆ. ಅವನು ಪರದೆಯನ್ನು ನೋಡಲಿಲ್ಲ, ನನ್ನನ್ನೇ ನೋಡಿದ.

“ನಿಮ್ಮತ್ಗೆ ಬಂದಿದ್ಲಾ?”

“ಬಂದಿದ್ರು. ಆದ್ರೆ ನಾನು ಹೇಳ್ತಿರೋದು...”

“ಬಂದಿದ್ಲಲ್ಲ, ಸಾಕು ಬುಡು.”

ಅವನು ಇಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟೇಹೋದ. ನಿಜ ಹೇಳಿಯೂ ಸುಳ್ಳುಗಾರನಾಗುವ ಯೋಗ ಎಲ್ಲರಿಗೂ ಬರುವುದಿಲ್ಲ, ನನಗೆ ಬಂತು. ಆಮೇಲೆ ಅವನು ಅಂಗಡಿಯ ಕಡೆ ತಲೆ ಹಾಕಲಿಲ್ಲ. ನೆಂಟರ ಮದುವೆಯೊಂದರಲ್ಲಿ ಎದುರಾದಾಗ ನನ್ನ ಪಂಕ್ತಿ ಬಿಟ್ಟು ಮುಂದಿನ ಪಂಕ್ತಿಗೆ ಕೂತ. ನಾನು ಉಂಡೆದ್ದು ಆ ಪಂಕ್ತಿಗೆ ಬಡಿಸಿದ ಹೋಳಿಗೆಯನ್ನು ಎಲೆಯ ಮೂಲೆಯಲ್ಲಿ ಹಾಗೇ ಬಿಟ್ಟೆದ್ದ ಎಂದು ನನ್ನ ಹೆಂಡತಿ ಹೇಳಿದಳು. ಅವನು ಹೋಳಿಗೆ ಬಿಡುವವನಲ್ಲ.

ಸುಗ್ಗಿ ಮುಗಿದ ಮೇಲೆ ಅತ್ತಿಗೆ ಮತ್ತೆ ಬಂದರು.

“ಆಯಪ್ಪ ನೆಲದ ಮ್ಯಾಲೇ ಅವ್ರೆ” ಎಂದರು. “ವಾರಕ್ಕೊಂದ್ಸಲ ಆ ಬಟ್ಟೆ ಬಿಸಿಲಿಗೆ ಆಕ್ತಾರೆ, ಮಡಚಿ ಒಳಗಿಡ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡ್ತಾರೆ, ಅಷ್ಟೇಯ. ನನಗೆ ಬೇಕಾದ್ದು ಇದಲ್ಲ ಕಣಪ್ಪ. ನಿಮ್ಮಿಬ್ರ ಮಾತು ನನ್ನಿಂದ ನಿಂತೋಯ್ತು ಬೇರೆ. ಅಂಥದ್ದೇ ಇನ್ನೊಂದು ಸಿಗ್ತದಾ?”

ನಾನು ಸುಳ್ಳು ಹೇಳಿರಲಿಲ್ಲ, ಅದು ನಿಜಕ್ಕೂ ಕೆಟ್ಟಿತ್ತು ಎಂದು ಆಗ ಅವರಿಗೆ ತಿಳಿಸಿದೆ. ಪರಿಚಯದವರೊಬ್ಬರ ಮೂಲಕ ಹುಡುಕಿ, ಯಾರೋ ಬಳಸಿ ಬಿಟ್ಟ ಆದರೆ ಸುಸ್ಥಿತಿಯಲ್ಲಿದ್ದ ಸ್ವಲ್ಪ ಹೊಸ ಮಾದರಿಯದೊಂದನ್ನು ತರಿಸಿದೆ. ಅಣ್ಣನಿಗೆ ಕೊಡುವ ಮೊದಲು ತಮಗೆ ಕಲಿಸಬೇಕೆಂದು ಅತ್ತಿಗೆ ಹಟ ಹಿಡಿದರು. ಅಂಗಡಿಯನ್ನು ‘ಮನೆ’ ಎಂದು ಗುರುತು ಹಾಕಿಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ, ತುಂಬಿದ ಹಾಲಿನ ಪಾತ್ರೆ ಹಿಡಿದಂತೆ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಹೋಗಿ, ಬಾಣದ ಗುರುತು ನೋಡುತ್ತಾ ವಾಪಸು ಬಂದರು. “ದಾರಿ ನಂಗೊತ್ತಿತ್ತು. ಇದಕ್ಕೆ ಗೊತ್ತೈತಾ ಅಂತ ನೋಡ್ದೆ” ಎಂದರು.

ಇಬ್ಬರೂ ಒಟ್ಟಿಗೆ ಊರಿಗೆ ಹೋದೆವು. ಅಣ್ಣ ಜಗಲಿಯ ಮೇಲಿದ್ದ. ಅತ್ತಿಗೆ ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟರು: “ಸುಳ್ಳು ಏಳು ಅಂದೋಳು ನಾನು. ಅವನು ಏಳಿಲ್ಲ. ಅದು ನಿಜವಾಗ್ಲೂ ಕೆಟ್ಟಿತ್ತು.”

ಅಣ್ಣ ಹೇಳಿದ: “ನಂಗೊತ್ತು. ಬೆಂಗಳೂರಿಗೆ ತಕಂಡೋಗಿದ್ದೆ. ಅವ್ರೂ ಇದೇ ಪಟ್ಟಿ ತೋರ್ಸಿದ್ರು. ಹೊಸ ಸೆಲ್ ಬೆಸೆದಿರೋದು ನೋಡಿ, ಯಾರೋ ಚೆನ್ನಾಗಿ ಒದ್ದಾಡವ್ರೆ ಅಂದ್ರು.”

“ಮತ್ತೆ ಯಾಕಣ್ಣ ಬರಲಿಲ್ಲ?”

“ನಾಚ್ಕೆ ಆಯ್ತು ಕಣ್ಲಾ.”

ಇಷ್ಟಕ್ಕೆ ಆರು ತಿಂಗಳು ಹೋಗಿತ್ತು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅತ್ತಿಗೆ ಹೊಸ ಜಿಪಿಎಸ್ಸನ್ನು ಅವನ ಮುಂದಿಟ್ಟರು. ಅವನು ಮುಟ್ಟಲಿಲ್ಲ.

“ಆಣೆ ಆ ಡಬ್ಬದ ಮ್ಯಾಲಿತ್ತು. ಅದು ಓಯ್ತು. ಮಾತು ಮಾತೇಯ.”

“ಮಾತು ಕೊಟ್ಟಿದ್ದು ಯಾರಿಗೆ? ನಂಗೆ. ಈಗ ನಾನೇ ಅದನ್ನ ವಾಪಸ್ ಕೊಡ್ತಿದೀನಿ. ಡಾಕ್ಟ್ರು ಆಗ್ಬೋದು ಅಂದ್ರೆ, ಗಾಳಿ ಇಲ್ದಿದ್ ದಿನ ಓಗಿ.”

ಡಾಕ್ಟರು ಮಾತ್ರೆ ಬದಲಿಸಿದರು, ಒಂದಷ್ಟು ದಿನ ಕಾಯಿಸಿ ಒಪ್ಪಿದರು. ಗಾಳಿಯಿಲ್ಲದ ಒಂದು ಬೆಳಿಗ್ಗೆ ಕೆರೆಯಂಗಳಕ್ಕೆ ಹೋದೆವು. ಜಿಪಿಎಸ್ಸಿನಲ್ಲಿ ಮನೆಯ ಗುರುತನ್ನು ಅತ್ತಿಗೆ ತಮ್ಮ ಅಂಗಳದಲ್ಲಿ ನಿಂತು ತಾವೇ ಹಾಕಿದ್ದರು. ಮೋಟರು ಸದ್ದು ಮಾಡಿದಾಗ ಅವರು ನನ್ನ ತೋಳು ಹಿಡಿದುಕೊಂಡರು, ಉಗುರು ನಾಟಿತು. ಅಣ್ಣ ಓಡಿದ, ಒಮ್ಮೆ ಮುಗ್ಗರಿಸಿದ, ಮತ್ತೆ ಓಡಿ ಎದ್ದ. ಅತ್ತಿಗೆ ಕಣ್ಣು ಮುಚ್ಚಲಿಲ್ಲ. ಅವನು ಕೆರೆಯ ಏರಿ ದಾಟಿ ತಿರುಗಿ ನಮ್ಮ ತಲೆಯ ಮೇಲೆ ಬಂದಾಗ, “ಅಯ್ಯೋ, ಕಾಲು ಮಕ್ಕಳ ತರ ಆಡಿಸ್ತಾ ಅವ್ರಲ್ಲಪ್ಪ!” ಎಂದರು. ಅವನು ಇಳಿಯುವವರೆಗೂ ಅವರು ನನ್ನ ತೋಳು ಬಿಡಲಿಲ್ಲ, ಆದರೆ ಉಗುರು ಸಡಿಲವಾಗಿತ್ತು.

ಅಣ್ಣ ಅದಾದ ಮೇಲೂ ಹಾರಿದ. ಈಗ ಮಂಡಿ ನೋವು. ಓಡಲು ಆಗದವನಿಗೆ ಮೇಲೇಳಲೂ ಆಗದು. ಹೋದ ವಾರ ಇಬ್ಬರೂ ಅಂಗಡಿಗೆ ಬಂದಿದ್ದರು. ಅಣ್ಣ ಜಿಪಿಎಸ್ಸನ್ನು ನನ್ನ ಮೇಜಿನ ಮೇಲಿಟ್ಟು, ಯಾರಿಗಾದರೂ ಕೊಟ್ಟುಬಿಡು, ಇಟ್ಟು ಹಾಳು ಮಾಡುವುದೇಕೆ ಎಂದ. ಎಂದಿನಂತೆ ‘ನೋಡ್ತೀನಿ’ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತಿಗೆ ಕೈ ಚಾಚಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಯಾರಿಗೂ ಕೊಡೋದು ಬ್ಯಾಡ. ಮಂಡಿ ಏನು, ವಾಸಿಯಾಗೋ ವಸ್ತು. ನೀನು ಇದಕ್ಕೆ ಸೆಲ್ ಆಕ್ಕೊಡಪ್ಪ.”