ಮೊಮ್ಮಗಳ ಕಾಲು, ಅಜ್ಜಿಯ ಸಿರಪ್ಪು

ಮನುಷ್ಯನ ವಿದ್ಯೆಯೆಲ್ಲ ಕಷ್ಟಪಟ್ಟು ಸಂಪಾದಿಸಿದ್ದು ಎಂದು ಹಿರಿಯರು ಹೇಳುತ್ತಾರೆ. ನನ್ನ ವೈದ್ಯವಿದ್ಯೆ ಮಾತ್ರ, ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದದ್ದರಿಂದ ಲಭಿಸಿತು. ಹಾಗೆ ಹುಟ್ಟಿದವನು ಕಾಲಿನಿಂದ ಮುಟ್ಟಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಮೆರಿಕದ ಡಲ್ಲಾಸ್ ಬಳಿಯ ಫ್ಲವರ್ ಮೌಂಡ್‌ಗೆ ಬಂದು ನೆಲೆಸಿದ ಮೇಲೂ ಈ ಪದವಿ ನನ್ನನ್ನು ಬಿಡಲಿಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವರು ಶನಿವಾರ ಸೊಂಟ ಹಿಡಿದುಕೊಂಡು ಬಂದು, ನಮ್ಮ ಮನೆಯ ಕಾರ್ಪೆಟ್ ಮೇಲೆ ಬೋರಲು ಮಲಗಿ, "ಅಂಕಲ್, ಸ್ವಲ್ಪ ಮೆತ್ತಗೆ" ಎಂದು ನನ್ನಿಂದ ಶಾಸ್ತ್ರೋಕ್ತವಾಗಿ ಒದೆಸಿಕೊಂಡು, ಕಾಫಿ ಕುಡಿದು ಹೋಗುತ್ತಾರೆ. ಕೆಲವರಿಗೆ ವಾಸಿಯಾಗಿದೆ. ಕಾಫಿಯಿಂದಲೂ ಇರಬಹುದು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಪಕ್ಕದೂರು ಫ್ರಿಸ್ಕೋದಿಂದ ಮಗಳ ಫೋನ್ ಬಂತು. ಮೊಮ್ಮಗಳು ಎಡಗಾಲು ಊರುತ್ತಿಲ್ಲ. ಇನ್ನೂ ಮೂರು ತುಂಬದ ಮಗು. ಹಿಂದಿನ ವಾರ ನೆಗಡಿಯಾಗಿತ್ತು. ಭಾನುವಾರ ಯಾರದೋ ಬರ್ತ್‌ಡೇ ಪಾರ್ಟಿಯಲ್ಲಿ ಟ್ರ್ಯಾಂಪೊಲಿನ್ ಮೇಲೆ ಮನಸೋ ಇಚ್ಛೆ ಕುಣಿದಿತ್ತು. ಮೈ ಸ್ವಲ್ಪ ಬಿಸಿ. ಮಗಳು, ಅಳಿಯ ಇಬ್ಬರಿಗೂ ಆಫೀಸು. ನಾನೂ ನನ್ನ ಹೆಂಡತಿಯೂ ಹೋದೆವು.

"ಎಲ್ಲಮ್ಮಾ ನೋವು?" ಎಂದು ಕೇಳಿದೆ. ಮಗು ಮಂಡಿ ತೋರಿಸಿತು. ನಾನು ಕಾಲು ತೊಳೆದುಕೊಂಡು ಬಂದು, ಹೆಬ್ಬೆರಳಿನಿಂದ ಆ ಮಂಡಿಯನ್ನು ಗಂಭೀರವಾಗಿ ಮುಟ್ಟಿದೆ.

"ತಾತಾ, ನೋ ಫೀಟ್," ಎಂದಿತು ಮಗು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮಾರನೆಯ ದಿನಕ್ಕೆ ಜ್ವರ ಇಳಿಯಿತು. ಉಳುಕು ಬಿಟ್ಟಿತೆಂದು ನಾನು ಘೋಷಿಸಿದೆ. ಆದರೆ ಉಳುಕು ಬಿಟ್ಟ ಮಗು ನಡೆಯಬೇಕಲ್ಲ. ಇದು ಕುಂಡೆಯ ಮೇಲೆ ತೆವಳಿಕೊಂಡೇ ಆಟದ ಸಾಮಾನಿನ ಹತ್ತಿರ ಹೋಗುತ್ತಿತ್ತು. ಬುಧವಾರ ಡೈಪರ್ ಬದಲಿಸಲು ಮಗಳು ಕಾಲೆತ್ತಿದಾಗ ಕಿಟಾರನೆ ಕಿರುಚಿತು. ಮಗಳು ನನ್ನ ಕಡೆಗೊಮ್ಮೆ, ನನ್ನ ಪಾದಗಳ ಕಡೆಗೊಮ್ಮೆ ನೋಡಿ, ಕಾರಿನ ಕೀ ತೆಗೆದುಕೊಂಡಳು.

ಡಲ್ಲಾಸಿನ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಂಡಿಯನ್ನು ಮಡಿಸಿ ಬಿಡಿಸಿದರು. ಮಗು ಸುಮ್ಮನಿತ್ತು. ತೊಡೆಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದರು, ಚೀರಿತು. ಸೊಂಟದ ಕೀಲಿನ ನೋವು ಮಕ್ಕಳಿಗೆ ಎಷ್ಟೋ ಸಲ ಮಂಡಿಯಲ್ಲಿ ಕಾಣಿಸುತ್ತದಂತೆ. ನಾನು ಚಿಕಿತ್ಸೆ ಮಾಡಿದ್ದು ಯಾವ ಕಾಯಿಲೆಯೂ ಇಲ್ಲದ ಕೀಲಿಗೆ. ಅಳಿಯ ಕೆಮ್ಮಿದ.

ಸ್ಕ್ಯಾನಿನಲ್ಲಿ ಸೊಂಟದ ಕೀಲಿನೊಳಗೆ ನೀರು ಕಂಡಿತು. ಇದಕ್ಕೆ ಕಾರಣ ಎರಡಿರಬಹುದು ಎಂದರು ಡಾಕ್ಟರಮ್ಮ. ನೆಗಡಿ ಆದಮೇಲೆ ಕೆಲವು ಮಕ್ಕಳಿಗೆ ಕೀಲಿನಲ್ಲಿ ಸುಮ್ಮನೆ ನೀರು ತುಂಬುತ್ತದೆ, ತಾನಾಗಿ ಹೋಗುತ್ತದೆ. ಇನ್ನೊಂದು, ಒಳಗೆ ಸೋಂಕಾಗಿ ಕೀವು. ಅದನ್ನು ಹಾಗೇ ಬಿಟ್ಟರೆ ಮೂಳೆಯ ತುದಿಯ ಮೆದು ಪದರ ಕರಗಿ ಮಗು ಜೀವಮಾನವಿಡೀ ಕುಂಟುತ್ತದೆ. ರಕ್ತದ ರಿಪೋರ್ಟು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಜ್ವರ ಇಲ್ಲದಿರುವುದರಿಂದ ಮೊದಲನೆಯದೇ ಇರಬೇಕು. ಮನೆಗೆ ಹೋಗಿ, ನಾಡಿದ್ದು ಮತ್ತೆ ಕರೆತನ್ನಿ. ಏನಾದರೂ ಔಷಧಿ ಕೊಟ್ಟಿದ್ದೀರಾ ಎಂದೂ ಕೇಳಿದರು.

"ಜ್ವರದ ಔಷಧಿ, ಅದೂ ಮೊದಲನೇ ದಿನ," ಎಂದ ಅಳಿಯ.

ನನ್ನ ಹೆಂಡತಿ ನನ್ನ ತೋಳು ಜಗ್ಗಿದಳು. "ರೀ, ಆ ಸಿರಪ್ಪಿನ ವಿಷಯ ಹೇಳ್ಬೇಕೇನ್ರೀ?"

"ಯಾವ ಸಿರಪ್ಪೇ?"

"ಸೂಟ್‌ಕೇಸಿಂದು."

ಆ ಸೂಟ್‌ಕೇಸನ್ನು ಬಲ್ಲವರು ಬಲ್ಲರು. ಪ್ರತಿ ಸಲ ಬೆಂಗಳೂರಿಗೆ ಹೋದಾಗ ನನ್ನ ಹೆಂಡತಿ ಅಲ್ಲಿನ ಮೆಡಿಕಲ್ ಶಾಪನ್ನು ಅದರೊಳಗೆ ಮಡಚಿಟ್ಟುಕೊಂಡು ಬರುತ್ತಾಳೆ. ಇಲ್ಲಿ ಡಾಕ್ಟರು ಚೀಟಿ ಬರೆಯದೆ ಏನೂ ಸಿಗದೆಂಬುದು ಅವಳಿಗೆ ಈ ದೇಶದ ಮೇಲಿರುವ ಏಕೈಕ ದೂರು.

ಮಗಳಿಗೆ ಕೇಳಿಸಿತ್ತು. "ಅಮ್ಮ, ಏನ್ ಕೊಟ್ಟೆ?"

"ಏನಿಲ್ಲಮ್ಮ, ಸೋಮವಾರದಿಂದ ಆಂಟಿಬಯಾಟಿಕ್. ಪುಡಿಗೆ ನೀರು ಕಲಸಿ ಕೊಡೋದು."

"ಎಷ್ಟು ಕೊಟ್ಟೆ?"

"ನಿನಗೆ ಚಿಕ್ಕೋಳಿದ್ದಾಗ ಕೊಡ್ತಿದ್ದಷ್ಟೇ. ನೀನೇನು ಚೆನ್ನಾಗಿಲ್ವಾ ಈಗ?"

"ನನಗೆ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ಬೈತೀಯಲ್ಲ."

ಇಷ್ಟು ಹೇಳಿ ಕೈಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಸಂಜೆಯ ಡೋಸ್ ತಪ್ಪಬಾರದೆಂದು ಜೊತೆಗೇ ತಂದಿದ್ದಳು.

ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಲೇಬಲ್ ಓದಿದರು. ಬೈಯಲಿಲ್ಲ, ನನ್ನ ಹೆಂಡತಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹೇಳಿದ್ದು ಒಳ್ಳೆಯದಾಯಿತು ಎಂದರು. ಅವರ ಮಾತಿನ ಸಾರಾಂಶ ಇದು: ಈ ಔಷಧಿ ಸೋಂಕನ್ನು ಪೂರ್ತಿ ಕೊಲ್ಲದೆ ಮುಸುಕು ಹಾಕಿ ಕೂರಿಸಿರಬಹುದು. ಹಾಗಾಗಿ ಜ್ವರ ಇಲ್ಲವೆಂಬುದನ್ನು ಇನ್ನು ನಂಬುವ ಹಾಗಿಲ್ಲ, ರಿಪೋರ್ಟನ್ನೂ ನಂಬುವ ಹಾಗಿಲ್ಲ. ಮನೆಗೆ ಕಳಿಸುವುದಿಲ್ಲ. ಅರಿವಳಿಕೆ ಕೊಟ್ಟು, ಕೀಲಿಗೆ ಸೂಜಿ ಹಾಕಿ, ಒಳಗಿರುವುದನ್ನೇ ತೆಗೆದು ನೋಡಬೇಕು. ಈ ವಯಸ್ಸಿನ ಮಕ್ಕಳಲ್ಲಿ ಗಂಟಲಿನಿಂದ ಕೀಲಿಗೆ ಇಳಿಯುವ ಒಂದು ರೋಗಾಣು ಇದೆ. ಅದು ಲ್ಯಾಬಿನಲ್ಲಿ ಸುಲಭಕ್ಕೆ ಬೆಳೆಯುವುದಿಲ್ಲ, ಸಿರಪ್ ಕುಡಿದಿದ್ದರೆ ಇನ್ನೂ ಕಷ್ಟ. ಅದರ ಡಿಎನ್ಎ ಹುಡುಕುವ ಪರೀಕ್ಷೆಯನ್ನೂ ಮಾಡಿಸುತ್ತೇನೆ.

ಮಗುವನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ನಾವು ನಾಲ್ವರೂ ಸಾಲಾಗಿ ಕೂತೆವು. ಆಸ್ಟಿನ್‌ನಿಂದ ನನ್ನ ತಮ್ಮ ಫೋನ್ ಮಾಡಿ, ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ.

"ಅಣ್ಣಾ, ಯಾವ ಕಾಲಲ್ಲಿ ಮುಟ್ಟಿದ್ದೆ?"

"ಬಲಗಾಲು."

"ಹುಟ್ಟುವಾಗ ಮೊದಲು ಬಂದಿದ್ದು ಎಡಗಾಲು ಅಂತ ಅಮ್ಮ ಹೇಳ್ತಿದ್ರಲ್ಲೋ."

ಮಗಳು ನಕ್ಕಳು. ಆಮೇಲೆ ಅತ್ತಳು. ನನ್ನ ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಮಗಳು ಆ ಕೈಯನ್ನು ತಳ್ಳಲಿಲ್ಲ.

ಸೂಜಿಯಲ್ಲಿ ಬಂದದ್ದು ತಿಳಿನೀರಲ್ಲ, ಕದಡಿದ ನೀರು. ಕೂಡಲೇ ಕೀಲನ್ನು ತೆರೆದು ತೊಳೆದರು. ಲ್ಯಾಬಿನಲ್ಲಿ ಏನೂ ಬೆಳೆಯಲಿಲ್ಲ. ಡಿಎನ್ಎ ಪರೀಕ್ಷೆಯಲ್ಲಿ ಡಾಕ್ಟರಮ್ಮ ಹೇಳಿದ್ದ ರೋಗಾಣುವೇ ಸಿಕ್ಕಿತು. ಕೆಲವು ದಿನ ನರದ ಮೂಲಕ ಔಷಧಿ ಕೊಟ್ಟು, ಆಮೇಲೆ ಮನೆಯಲ್ಲಿ ಕುಡಿಸಲು ಸಿರಪ್ ಬರೆದುಕೊಟ್ಟರು. ಅದನ್ನು ಅಳತೆ ತಪ್ಪದೆ, ಹೊತ್ತು ಮೀರದೆ ಕುಡಿಸಿದ್ದು ನನ್ನ ಹೆಂಡತಿಯೇ. ಸೂಟ್‌ಕೇಸಿನಲ್ಲಿ ಈಗ ನೋವಿನ ಮುಲಾಮು ಮತ್ತು ಓಮದ ನೀರು ಮಾತ್ರ ಇವೆ. ನಾನು ಮಕ್ಕಳ ವಿಭಾಗವನ್ನು ಮುಚ್ಚಿದ್ದೇನೆ.

ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸರಿಯಾಗಿತ್ತು. ಮೊಮ್ಮಗಳು ಕುಂಟದೆ ನಡೆಯುತ್ತಾಳೆ.