ಸಾತಪ್ಪನ ವೈರು, ಸಾವಕಾರರ ಬಾಯಿ

ಘೋಡಗೇರಿ ಕ್ರಾಸಿನಲ್ಲಿ ಲಾರಿಗಳ ವೈರಿಂಗ್ ರಿಪೇರಿ ಮಾಡುವ ಸಾತಪ್ಪ ಬಹಳ ಸಾಧು ಮನುಷ್ಯ. ಈ ಸಂಗತಿಯನ್ನು ಎಲ್ಲರಿಗೂ ತಿಳಿಸಿದವನು ಅವನೇ. ಆದರೆ ಹೋದ ವರ್ಷ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ, ಕಬ್ಬಿನ ಲಾರಿಗಳು ಸಾಲುಗಟ್ಟಿ ನಿಂತಾಗ, ಧನ್ಯಕುಮಾರ ಸಾವಕಾರರು ಡ್ರೈವರುಗಳ ಮುಂದೆ, "ಸಾತಪ್ಪಗ ಸೈಕಲ್ ಬೆಲ್ಲೂ ರಿಪೇರಿ ಬರೂದಿಲ್ಲ" ಎಂದುಬಿಟ್ಟರು. ಅಂದಿನಿಂದ ಲಾರಿಗಳು ಅವನ ಅಂಗಡಿ ದಾಟಿ ಗೋಕಾಕಕ್ಕೆ ಹೋಗತೊಡಗಿದವು. ಸಾತಪ್ಪ ಕಾದ. ದೇವರಿಗೆ ಊದುಬತ್ತಿ ಹಚ್ಚುವಾಗಲೂ ಸಾವಕಾರರ ಹೆಸರನ್ನೇ ನೆನೆಯುತ್ತಿದ್ದ, ಹಾರೈಕೆ ಮಾತ್ರ ಬೇರೆ.

ಈ ಸೀಜನ್ನಿನಲ್ಲಿ ಸಾವಕಾರರ ಲಾರಿ ಕಬ್ಬು ಹೇರಿಕೊಂಡು ಬಂದು ಅವನ ಎದುರಿನ ಚಹಾದಂಗಡಿ ಮುಂದೆಯೇ ಕೆಟ್ಟು ನಿಂತಿತು. ಡ್ರೈವರ್ ಮಾಳಪ್ಪ ಚಾವಿ ತಿರುವಿದರೆ 'ಟಕ್' ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಗೋಕಾಕದ ಮಿಸ್ತ್ರಿ ಬಂದು ಹೊಸ ಬ್ಯಾಟರಿ ಹಾಕಿ, ಸ್ಟಾರ್ಟರ್ ಬಿಚ್ಚಿ ಜೋಡಿಸಿ, "ಇದು ದೊಡ್ಡ ಕೆಲಸ" ಎಂದು ಗಂಭೀರವಾಗಿ ಹೇಳಿ ಹೋದ. ಕಬ್ಬು ಒಣಗುತ್ತಿತ್ತು. ಸುದ್ದಿ ತಿಳಿದು ಸಾವಕಾರರೇ ಬಂದು ನಿಂತರು.

"ಸಾತಪ್ಪಣ್ಣಾ, ಸ್ವಲ್ಪ ನೋಡಪಾ," ಎಂದರು ಸಾವಕಾರರು.

"ನನಗೇನ್ ತಿಳೀತೈತ್ರಿ ಸಾವಕಾರ್ರ? ಸೈಕಲ್ ಇದ್ರ ನೋಡತಿದ್ದೆ. ಅದೂ ಬರೂದಿಲ್ಲಂತ."

ಆದರೂ ಎದ್ದ. ಲೈಟು ಹಚ್ಚಿಸಿದ, ಹತ್ತಿತು. ಹಾಗೆಯೇ ಚಾವಿ ತಿರುವಿಸಿದ, ಲೈಟು ಮಂಕಾಯಿತು. ಬಗ್ಗಿ ನೋಡಿದ. ಸೀಜನ್ನಿನ ಪೂಜೆಗೆಂದು ಲಾರಿಯ ಚಾಸಿಗೆಲ್ಲ ಬಣ್ಣ ಬಳಿಸಿ, ಬ್ಯಾಟರಿಯ ಅರ್ಥ್ ವೈರನ್ನು ಆ ದಪ್ಪ ಬಣ್ಣದ ಮೇಲೆಯೇ ಬೋಲ್ಟಿನಿಂದ ಬಿಗಿದಿದ್ದರು. ಬಣ್ಣ ದಾಟಿ ಕರೆಂಟು ಹರಿಯುವುದು ಹೇಗೆ? ಉಜ್ಜುವ ಕಾಗದದಿಂದ ತಿಕ್ಕಿದರೆ ಮುಗಿಯುವ ಕೆಲಸ.

ಸಾತಪ್ಪ ತಿಕ್ಕಲಿಲ್ಲ. ತನ್ನ ದಪ್ಪ ವೈರು ತಂದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಿಡಿದ. ಮಾಳಪ್ಪ ಚಾವಿ ತಿರುವಿದ, ಲಾರಿ ಗುಡುಗಿತು. ಒಮ್ಮೆ ಚಾಲೂ ಆದ ಎಂಜಿನ್ನಿಗೆ ವೈರಿನ ಹಂಗಿಲ್ಲ. ವೈರು ಕಿತ್ತು, ಶಾಲಿನಂತೆ ಹೆಗಲಿಗೆ ಹಾಕಿಕೊಂಡು ಕ್ಯಾಬಿನ್ ಹತ್ತಿ ಕೂತ.

"ನೀ ಎಲ್ಲಿಗಪಾ?" ಎಂದರು ಆಗಲೇ ಒಳಗೆ ಕೂತಿದ್ದ ಸಾವಕಾರರು.

"ಕಾರ್ಖಾನಿಗ್ರಿ. ಪಾಳಿಯೊಳಗ ಬಂದ್ ಬಿದ್ರ ಯಾರ್ ಅದಾರ್ರಿ ನಿಮಗ?"

ಕಾರ್ಖಾನೆಯ ಅಂಗಳದ ಪಾಳಿಯಲ್ಲಿ, ಲಾರಿಗಳ ಸಾಲಿನ ಕೊನೆಗೆ ಇವರ ಲಾರಿ ನಿಂತೊಡನೆ ಸಾತಪ್ಪನೇ ಎಂಜಿನ್ ಬಂದ್ ಮಾಡಿದ. "ಡೀಸೆಲ್ ದಂಡ ಆಗತೈತ್ರಿ, ನಿಮ್ಮದ." ಮುಂದಿನ ಲಾರಿ ಸರಿಯಿತು. ಇವರದು ಟಕ್.

"ವೈರ್ ಹಚ್ಚೋ ಮಾರಾಯಾ."

"ಹಚ್ಚತೇನ್ರಿ. ಹೋದ ವರ್ಷ ಇಲ್ಲೇ ಒಂದ್ ಮಾತ್ ಆಡಿದ್ರಿ. ಅದನ್ನ ಒಂದೀಟ್ ತಿದ್ದಿ ಹೇಳ್ರಿ."

ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಸಾವಕಾರರು ಗೊಣಗಿದರು, "ಸಾತಪ್ಪ ಚಲೋ ಮಿಸ್ತ್ರಿ."

"ಹಾರ್ನ್ ಸಪ್ಪಳದಾಗ ಕೇಳಲಿಲ್ಲರಿ."

ಸಾವಕಾರರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು. ಲಾರಿ ಚಾಲೂ ಆಯಿತು, ನಾಲ್ಕು ಮಾರು ಸರಿಯಿತು, ಮತ್ತೆ ಡೀಸೆಲ್ ಉಳಿತಾಯ. ಪಾಳಿ ಉದ್ದವಿತ್ತು. ಸಾವಕಾರರು ಕೂಗುತ್ತಲೇ ಹೋದರು. ತೂಕದ ಕಾಟಾ ಹತ್ತಿರಾಗುವಷ್ಟರಲ್ಲಿ ಡ್ರೈವರುಗಳು ಬೀಡಿ ಹಚ್ಚಿಕೊಂಡು ಸುತ್ತ ನೆರೆದಿದ್ದರು.

ಆಗ ಸಾತಪ್ಪ ಕೆಳಗಿಳಿದು, ಬೋಲ್ಟು ಬಿಚ್ಚಿ, ಎಲ್ಲರೆದುರು ಬಣ್ಣ ತಿಕ್ಕಿ, ವೈರು ಬಿಗಿದ. ಮಾಳಪ್ಪ ಚಾವಿ ಮುಟ್ಟಿದ್ದೇ ತಡ, ಲಾರಿ ಚಾಲೂ.

"ಇಷ್ಟ ಕೆಲಸ ಇತ್ತೇನೋ?" ಎಂದರು ಸಾವಕಾರರು.

"ಇಷ್ಟರಿ. ಕ್ರಾಸಿನ್ಯಾಗ ಮಾಡಿದ್ರ ಯಾರ್ ನೋಡತಿದ್ರು?"

ಸಾವಕಾರರಿಗೆ ಬೈಯಬೇಕೆನಿಸಿತು. ಆದರೆ ಕೂಗಿ ಕೂಗಿ ಗಂಟಲು ಕಟ್ಟಿತ್ತು.